ವಾಲಿದ ಮರವನ್ನು ಹಗ್ಗ ಹಾಕಿ ಇಳಿಸುವುದು ಹೇಗೆ?

ಏಪ್ರಿಲ್, ಮೇ ತಿಂಗಳ ಗಾಳಿಮಳೆಗೆ ತುಮಕೂರು ಕಡೆ ಒಂದಲ್ಲ ಒಂದು ಮರ ಮನೆ ಮೇಲೆ ವಾಲಿ ನಿಲ್ಲುತ್ತದೆ. ವಾಲಿದ ಮರವೆಲ್ಲ ಅಪಾಯವಲ್ಲ. ಬದುವಿನ ಹುಣಸೆ ಚಿಕ್ಕಂದಿನಿಂದಲೂ ಹಾಗೇ ಬಾಗಿರಬಹುದು. ನೋಡಬೇಕಾದ್ದು ಬುಡವನ್ನು. ವಾಲಿದ ದಿಕ್ಕಿನ ಹಿಂಬದಿಯಲ್ಲಿ ಮಣ್ಣು ಹೊಸದಾಗಿ ಬಿರಿದಿದೆಯಾ? ಗಾಳಿ ಬೀಸಿದಾಗ ಆ ಮಣ್ಣು ಉಸಿರಾಡಿದ ಹಾಗೆ ಏಳುತ್ತಾ, ಇಳಿಯುತ್ತಾ? ಹಾಗಿದ್ದರೆ ಆ ಮರವನ್ನು ಯಾರೂ ಹತ್ತಬಾರದು, ಎಷ್ಟೇ ಪಳಗಿದವರಾದರೂ.

ತಂತಿ ಹತ್ತಿರವಿದ್ದರೆ ಬೆಸ್ಕಾಂನ 1912ಕ್ಕೆ ಫೋನ್ ಮಾಡಿ ಲೈನ್ ಆಫ್ ಮಾಡಿಸಿ. ತೆಂಗು, ನೀಲಗಿರಿ, ಸಿಲ್ವರ್ ಓಕ್‌ನಂಥ ಕೆಲವನ್ನು ಬಿಟ್ಟರೆ 1976ರ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ಅರಣ್ಯ ಇಲಾಖೆಯ ಅನುಮತಿಯೂ ಬೇಕು.

ಗರಗಸಕ್ಕಿಂತ ಮೊದಲು ಹಗ್ಗ. ತೆಳು ದಾರಕ್ಕೆ ಚಿಕ್ಕ ಮರಳು ಚೀಲ ಕಟ್ಟಿ, ವಾಲಿದ ಬದಿಯಿಂದ ದೂರ ನಿಂತು ಮೇಲಿನ ಗಟ್ಟಿ ಕವಲಿಗೆ ಎಸೆಯಬೇಕು. ಅದರ ಹಿಂದೆ ದಪ್ಪ ಹಗ್ಗ ಏರಿಸಬಹುದು. ಹೀಗೆ ಎರಡು ಹಗ್ಗಗಳನ್ನು ವಾಲಿದ ದಿಕ್ಕಿಗೆ ಎದುರಾಗಿ, ಅಗಲವಾಗಿ ಬಿಗಿಯಬೇಕು. ಕೊಟ್ಟಿಗೆಯ ಹಳೇ ಹಗ್ಗ ಬೇಡವೇ ಬೇಡ.

ಕೊಂಬೆ ಕೊಯ್ಯುವವರು ಬೀದಿದೀಪ ರಿಪೇರಿಗೆ ಬರುತ್ತದಲ್ಲ, ಅಂಥ ಲಿಫ್ಟ್ ಗಾಡಿಯಲ್ಲಿ ನಿಲ್ಲಲಿ. ಕೊಂಬೆ ಇಳಿಸುವ ರಾಟೆಯನ್ನು ಪಕ್ಕದ ಗಟ್ಟಿ ಮರಕ್ಕೇ ಕಟ್ಟಬೇಕು. ಯಾಕೆ ಅಂದರೆ, 100 ಕೆಜಿ ಕೊಂಬೆ ತೂಗಿದರೆ ರಾಟೆ ಕಟ್ಟಿದ ಜಾಗಕ್ಕೆ ಹೆಚ್ಚುಕಮ್ಮಿ 200 ಕೆಜಿ ಬೀಳುತ್ತದೆ. ಒಂದು ಕಡೆ ಕೊಂಬೆಯ ಭಾರ, ಇನ್ನೊಂದು ಕಡೆ ಅದನ್ನು ತಡೆದು ಹಿಡಿದವರ ಎಳೆತ. ಕೊಂಬೆ ಎರಡಡಿ ಜಾರಿ ಗಕ್ಕನೆ ನಿಂತರಂತೂ ಇನ್ನೂ ಜಾಸ್ತಿ. ಬೇರು ಸಡಿಲಾದ ಮರ ಇದನ್ನು ತಡೆಯುತ್ತಾ? ಅದಕ್ಕೇ ಚಿಕ್ಕ ಚಿಕ್ಕ ತುಂಡು ಕೊಯ್ಯಿರಿ, ಹಗ್ಗ ಸಡಿಲ ಬಿಡಬೇಡಿ.

ಕೆಳಗೆ ಹಗ್ಗ ಹಿಡಿಯುವವರು ಅದನ್ನು ಇನ್ನೊಂದು ಮರದ ಬುಡಕ್ಕೆ ಮೂರು ಸುತ್ತು ಹಾಕಿದರೆ, ಉಜ್ಜಾಟಕ್ಕೇ ಭಾರ ನಿಧಾನವಾಗಿ ಇಳಿಯುತ್ತದೆ. ಕೈಗೋ ಸೊಂಟಕ್ಕೋ ಸುತ್ತಿಕೊಳ್ಳುವುದು ನಮ್ಮಲ್ಲಿ ಚಾಳಿ. ಹಗ್ಗ ಜಗ್ಗಿದರೆ ಬೆರಳೇ ಹೋಗುತ್ತದೆ.

ಕೊಂಬೆಗಳು ಹೋದ ಮೇಲೆ ಕಾಂಡ. ‘ಟ್ರ್ಯಾಕ್ಟರ್‌ಗೆ ಕಟ್ಟಿ ಎಳೆದುಬಿಡೋಣ’ ಅನ್ನುವವರು ಒಬ್ಬರಾದರೂ ಇರುತ್ತಾರೆ. ಹಗ್ಗ ಮರದ ಎತ್ತರಕ್ಕಿಂತ ಚಿಕ್ಕದಿದ್ದರೆ ಮರ ಟ್ರ್ಯಾಕ್ಟರ್ ಮೇಲೇ ಬೀಳುತ್ತದೆ. ಕ್ರೇನ್‌ನಲ್ಲಿ ಹಿಡಿಸಿ, ಮೇಲಿನಿಂದ ತುಂಡು ತುಂಡಾಗಿ ಇಳಿಸುವುದೇ ಸರಿ.

ಕೊನೆಯ ತುಂಡು ಕೊಯ್ದಾಗ, ಅರ್ಧ ಎದ್ದಿದ್ದ ಬುಡ ಬೇರು ಮಣ್ಣಿನ ಸಮೇತ ಧಡ್ ಅಂತ ವಾಪಸ್ ಗುಂಡಿಗೆ ಕೂರಬಹುದು. ನೋಡಲು ಬಂದ ಮಕ್ಕಳು ಆಡುವುದು ಆ ಗುಂಡಿಯಲ್ಲೇ. ಅವರನ್ನು ಮೊದಲೇ ದೂರ ಕಳಿಸಿ.