ಮುಂಬೈಗೆ ಮೊದಲ ಸಲ, ಕೈಯಲ್ಲಿ ಎರಡೇ ದಿನ

ಮುಂಬೈಗೆ ಹೊರಟವರು ನನ್ನ ಹತ್ತಿರ ಮೊದಲು ಕೇಳುವುದು ಒಂದೇ, "ಎರಡು ದಿನದಲ್ಲಿ ಏನೇನು ನೋಡಬಹುದು?" ಪಟ್ಟಿ ಅವರ ಹತ್ತಿರ ಆಗಲೇ ಇರುತ್ತದೆ. ಗೇಟ್‌ವೇ ಆಫ್ ಇಂಡಿಯಾ, ಜುಹು, ಹಾಜಿ ಅಲಿ, ಸಿದ್ಧಿವಿನಾಯಕ, ಸೀ ಲಿಂಕ್, ಎಲಿಫೆಂಟಾ, ಯಾರೋ ಹೇಳಿದ ಫಿಲ್ಮ್ ಸಿಟಿ. ಆ ಪಟ್ಟಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಹೊಡೆದು ಹಾಕಿ ಅಂತ ನಾನು ಹೇಳುತ್ತೇನೆ. ಯಾಕೆಂದರೆ ಈ ಊರು ಅಗಲಕ್ಕೆ ಬೆಳೆದಿಲ್ಲ, ಉದ್ದಕ್ಕೆ ಬೆಳೆದಿದೆ. ದಕ್ಷಿಣದ ತುದಿ ಕೊಲಾಬಾ, ಅಲ್ಲಿಂದ ಉತ್ತರಕ್ಕೆ ಹೋಗುತ್ತಾ ಹೋಗುತ್ತಾ ಊರು ಮುಗಿಯುವುದೇ ಇಲ್ಲ. ಬೆಳಗ್ಗೆ ಜನ ಉತ್ತರದಿಂದ ದಕ್ಷಿಣಕ್ಕೆ ಇಳಿಯುತ್ತಾರೆ, ಸಂಜೆ ವಾಪಸ್ ಹತ್ತುತ್ತಾರೆ. ಬೆಳಗ್ಗೆ ಕೊಲಾಬಾ, ಮಧ್ಯಾಹ್ನ ಜುಹು, ಸಂಜೆ ಮತ್ತೆ ಮರೀನ್ ಡ್ರೈವ್ ಅಂತ ಓಡಾಡಿದರೆ ನಿಮಗೆ ನೆನಪಿರುವುದು ಟ್ಯಾಕ್ಸಿಯ ಕಿಟಕಿ ಮಾತ್ರ. ಎರಡು ದಿನ ಇದ್ದರೆ ದಕ್ಷಿಣದ ತುದಿಯನ್ನು ಕಾಲ್ನಡಿಗೆಯಲ್ಲಿ ನೋಡಿ, ಒಂದು ದ್ವೀಪ, ಆಮೇಲೆ ನಮ್ಮ ಕಡೆಯವರ ಹೋಟೆಲುಗಳಿರುವ ಮಾಟುಂಗಾ. ಅಷ್ಟು ಸಾಕು.

ಮೊದಲು ಟಿಕೆಟ್ ವಿಷಯ. ಬೆಂಗಳೂರಿಂದ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದರೆ ಹತ್ತಿರ ಹತ್ತಿರ ಇಡೀ ಒಂದು ದಿನದ ಪ್ರಯಾಣ, ಆದರೆ ಇಳಿಯುವುದು ನೇರ ಸಿಎಸ್‌ಎಂಟಿಯಲ್ಲಿ (ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್), ಊರಿನ ನಡುಮನೆಯಲ್ಲಿ ಇಳಿದ ಹಾಗೆ. ಮಂಗಳೂರಿನ ಮತ್ಸ್ಯಗಂಧ ಹೋಗುವುದು ಲೋಕಮಾನ್ಯ ತಿಲಕ್ ಟರ್ಮಿನಸ್‌ಗೆ. ಅದು ಕುರ್ಲಾದ ಹತ್ತಿರ, ಅಲ್ಲಿಂದ ಮತ್ತೆ ಲೋಕಲ್ ಅಥವಾ ಟ್ಯಾಕ್ಸಿ ಹಿಡಿಯಬೇಕು. ವಿಮಾನದಲ್ಲಿ ಬರುವವರಿಗೆ ಈಗ ತುಂಬಾ ಅನುಕೂಲವಾಗಿದೆ. ಮೆಟ್ರೋ 3ನೇ ಮಾರ್ಗ 2025ರ ಅಕ್ಟೋಬರ್‌ನಲ್ಲಿ ಕಫ್ ಪರೇಡ್‌ವರೆಗೂ ಶುರುವಾಯಿತು, ವಿಮಾನ ನಿಲ್ದಾಣದಿಂದಲೇ ನೆಲದಡಿಯಲ್ಲಿ ಸಿಎಸ್‌ಎಂಟಿ, ಚರ್ಚ್‌ಗೇಟ್‌ವರೆಗೆ ಬರಬಹುದು.

ಉಳಿಯುವುದಕ್ಕೆ ಕೈಯಲ್ಲಿ ದುಡ್ಡಿದ್ದರೆ ಫೋರ್ಟ್ ಅಥವಾ ಕೊಲಾಬಾ, ಇಲ್ಲದಿದ್ದರೆ ದಾದರ್. ವೆಸ್ಟರ್ನ್ ಮತ್ತು ಸೆಂಟ್ರಲ್ ಲೈನ್ ಎರಡೂ ದಾದರ್‌ನಲ್ಲಿ ಸೇರುತ್ತವೆ, ಹಾಗಾಗಿ ಈ ಎರಡು ಲೈನಿನಲ್ಲಿ ಎಲ್ಲಿಗೆ ಹೋಗುವುದಕ್ಕೂ ಒಂದೇ ರೈಲು ಸಾಕು. ಜೂನ್‌ನಿಂದ ಸೆಪ್ಟೆಂಬರ್ ಮಳೆಗಾಲ, ಮೊದಲ ಭೇಟಿಗೆ ಬೇಡ. ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯದು.

ಇನ್ನು ಲೋಕಲ್ ಟ್ರೇನ್. ಇದಕ್ಕೆ ಹೆದರಿ ಎರಡು ದಿನವೂ ಟ್ಯಾಕ್ಸಿಯಲ್ಲೇ ತಿರುಗಿದವರನ್ನು ನೋಡಿದ್ದೇನೆ, ಬೇಜಾರಾಗುತ್ತದೆ. ಹೆದರಬೇಡಿ, ಕಲಿತು ಹತ್ತಿ. ಸೆಕೆಂಡ್ ಕ್ಲಾಸ್ ಟಿಕೆಟ್ 5 ರೂಪಾಯಿಯಿಂದ ಶುರು, ರೈಲ್ವೆಯ ಆಪ್‌ನಲ್ಲೇ ತೆಗೆಯಬಹುದು. ಪ್ಲಾಟ್‌ಫಾರ್ಮಿನ ಮೇಲೆ ಇಂಡಿಕೇಟರ್ ನೇತಾಡುತ್ತಿರುತ್ತದೆ. ರೈಲು ಯಾವ ಸ್ಟೇಷನ್‌ವರೆಗೆ ಹೋಗುತ್ತದೆ, ಎಷ್ಟು ಹೊತ್ತಿಗೆ, ಸ್ಲೋ ಅಥವಾ ಫಾಸ್ಟ್, ಎಷ್ಟು ಡಬ್ಬಿ ಅನ್ನುವುದು ಅದರಲ್ಲೇ ಇರುತ್ತದೆ. ಎಸ್ ಅಂದರೆ ಸ್ಲೋ, ಎಲ್ಲ ಸ್ಟೇಷನ್‌ಗೂ ನಿಲ್ಲುತ್ತದೆ. ಎಫ್ ಅಂದರೆ ಫಾಸ್ಟ್. ಹೊಸಬರು ಸ್ಲೋ ಹತ್ತಿ, ಹತ್ತು ನಿಮಿಷ ತಡವಾದರೆ ಆಗಲಿ. ಫಸ್ಟ್ ಕ್ಲಾಸ್ ಡಬ್ಬಿ ಹೊರಗಿನಿಂದ ನೋಡಿದರೆ ಅಷ್ಟೇನೂ ಬೇರೆ ಥರ ಕಾಣುವುದಿಲ್ಲ, ಜನ ಕಡಿಮೆ ಇರುತ್ತಾರೆ ಅಷ್ಟೇ. ನಾನು ಮೊದಲ ಸಲ ಹೋದಾಗ ಖಾಲಿ ಇದೆಯಲ್ಲ ಅಂತ ಖುಷಿಯಿಂದ ಅದರಲ್ಲೇ ಹತ್ತಿ ಕುಳಿತೆ, ಎರಡು ಸ್ಟೇಷನ್ ಆದಮೇಲೆ ಟಿಸಿ ಬಂದರು, ದಂಡ ಕಟ್ಟಿದೆ. ಡಬ್ಬಿಯ ಬಾಗಿಲಿನ ಪಕ್ಕ ಬಣ್ಣದ ಓರೆ ಪಟ್ಟಿಗಳಿದ್ದರೆ ಅದು ಫಸ್ಟ್ ಕ್ಲಾಸ್ ಅಥವಾ ಲೇಡೀಸ್ ಡಬ್ಬಿ ಇರಬಹುದು, ಬರೆದಿರುವುದನ್ನು ಓದಿಯೇ ಕಾಲಿಡಿ.

ಹತ್ತುವುದಕ್ಕಿಂತ ಇಳಿಯುವುದು ಕಷ್ಟ. ರೈಲು ಅರ್ಧ ನಿಮಿಷವೂ ನಿಲ್ಲುವುದಿಲ್ಲ. ನಿಮ್ಮ ಸ್ಟೇಷನ್‌ಗೆ ಎರಡು ಸ್ಟೇಷನ್ ಮೊದಲೇ ಎದ್ದು, ಮುಂದೆ ನಿಂತವರ ಬೆನ್ನು ಮೆಲ್ಲಗೆ ತಟ್ಟಿ "ದಾದರ್ ಉತರೋಗೇ?" ಅಂತ ಕೇಳಿ. ಅವರೂ ಇಳಿಯುವವರಾದರೆ ಅವರ ಹಿಂದೆ ನಿಲ್ಲಿ, ಇಲ್ಲದಿದ್ದರೆ ಅವರೇ ಪಕ್ಕಕ್ಕೆ ತಿರುಗಿ ಜಾಗ ಬಿಡುತ್ತಾರೆ. ಬ್ಯಾಗನ್ನು ಬೆನ್ನಿನಿಂದ ತೆಗೆದು ಎದೆಗೆ ಹಾಕಿಕೊಳ್ಳಿ. ಪ್ಲಾಟ್‌ಫಾರ್ಮ್ ಯಾವ ಕಡೆ ಬರುತ್ತದೆ ಅಂತಲೂ ಅವರನ್ನೇ ಕೇಳಿ, ಹೇಳುತ್ತಾರೆ. ಅಷ್ಟು ನೂಕುನುಗ್ಗಲಿನಲ್ಲೂ ಗೊತ್ತಿಲ್ಲದವರಿಗೆ ದಾರಿ ಹೇಳುವ ಗುಣ ಈ ಊರಿನವರಲ್ಲಿದೆ, ನನಗೆ ಮುಂಬೈ ಇಷ್ಟವಾಗಿದ್ದೇ ಅಲ್ಲಿಂದ.

ಸಮಯ ಮಾತ್ರ ನೋಡಿಕೊಳ್ಳಿ. ಬೆಳಗ್ಗೆ ಎಂಟರಿಂದ ಹನ್ನೊಂದರವರೆಗೆ ದಕ್ಷಿಣಕ್ಕೆ ಹೋಗುವ ರೈಲು ಬೇಡ, ಸಂಜೆ ಐದೂವರೆಯಿಂದ ಎಂಟೂವರೆವರೆಗೆ ಉತ್ತರಕ್ಕೆ ಹೋಗುವುದು ಬೇಡ. ಭಾನುವಾರ ಜನ ಕಡಿಮೆ, ಆದರೆ ಹಳಿ ರಿಪೇರಿಗೆ ಅಂತ ಹಗಲು ಹೊತ್ತಿನಲ್ಲಿ ಕೆಲವು ರೈಲು ನಿಲ್ಲಿಸುವ ಮೆಗಾ ಬ್ಲಾಕ್ ಇರುತ್ತದೆ, ಹಿಂದಿನ ದಿನವೇ ಸುದ್ದಿಯಲ್ಲಿ ಯಾವ ಲೈನ್ ಅಂತ ನೋಡಿಕೊಳ್ಳಿ.

ಮೊದಲ ದಿನ ಬೆಳಗ್ಗೆ ಏಳಕ್ಕೆಲ್ಲ ಸಿಎಸ್‌ಎಂಟಿಯಲ್ಲಿರಿ. 1878ರಲ್ಲಿ ಶುರುವಾಗಿ ಕಟ್ಟಿ ಮುಗಿಸಲು ಸುಮಾರು ಹತ್ತು ವರ್ಷ ತೆಗೆದುಕೊಂಡ ಕಟ್ಟಡ, 2004ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಎಲ್ಲರೂ ರಸ್ತೆಯ ಆಚೆ ನಿಂತು ಫೋಟೋ ತೆಗೆದು ಹೊರಟುಬಿಡುತ್ತಾರೆ. ನೀವು ಲೋಕಲ್ ಟಿಕೆಟ್ ಕೊಡುವ ಹಾಲ್ ಒಳಗೆ ಹೋಗಿ ತಲೆ ಎತ್ತಿ ನೋಡಿ, ಕಮಾನು ಚಾವಣಿಯ ತುಂಬ ನಕ್ಷತ್ರಗಳು. ಕೆಳಗೆ ಜನ ಪಾಸ್ ಮಾಡಿಸಲು ಸಾಲು ನಿಂತಿರುತ್ತಾರೆ, ಯಾರೂ ಮೇಲೆ ನೋಡುವುದಿಲ್ಲ. ಹೊರಗೆ ಗೇಟಿನ ಎರಡು ಕಂಬದ ಮೇಲೆ ಒಂದು ಸಿಂಹ, ಒಂದು ಹುಲಿ. ಸಿಂಹ ಬ್ರಿಟನ್ನಿನ ಗುರುತು, ಹುಲಿ ನಮ್ಮ ದೇಶದ್ದು.

ಅಲ್ಲಿಂದ ನಡೆಯಿರಿ. ಹುತಾತ್ಮ ಚೌಕ, ಹಾರ್ನಿಮನ್ ಸರ್ಕಲ್, ಏಷ್ಯಾಟಿಕ್ ಲೈಬ್ರರಿಯ ಬಿಳಿ ಮೆಟ್ಟಿಲು, ಆಮೇಲೆ ಓವಲ್ ಮೈದಾನ. ಓವಲ್ ಮೈದಾನದ ನಡುವೆ ನಿಂತು ಪೂರ್ವಕ್ಕೆ ನೋಡಿದರೆ ರಾಜಾಬಾಯಿ ಟವರ್, ಹೈಕೋರ್ಟ್, ಚೂಪು ಗೋಪುರಗಳ ಕಲ್ಲಿನ ಕಟ್ಟಡಗಳು. ಹಾಗೇ ಪಶ್ಚಿಮಕ್ಕೆ ತಿರುಗಿ, ದುಂಡು ಬಾಲ್ಕನಿಗಳ ತಿಳಿಬಣ್ಣದ ಆರ್ಟ್ ಡೆಕೋ ಮನೆಗಳು. ಎರಡು ಕಾಲದ ಎರಡು ಊರು, ನಡುವೆ ಹುಡುಗರ ಕ್ರಿಕೆಟ್. 2018ರಲ್ಲಿ ಈ ಎರಡನ್ನೂ ಒಟ್ಟಿಗೆ ಪರಂಪರೆಯ ಪಟ್ಟಿಗೆ ಸೇರಿಸಿದ್ದಾರೆ. ಇಲ್ಲಿ ಅರ್ಧ ಗಂಟೆ ಕೂರಿ, ಅವಸರ ಬೇಡ.

ಹೊಟ್ಟೆಗೆ ಏನು ಅಂದರೆ, ಧೋಬಿ ತಲಾವ್‌ನಲ್ಲಿ 1904ರ ಕ್ಯಾನಿ ಅಂತ ಇರಾನಿ ಕೆಫೆ ಇದೆ, ಬನ್ ಮಸ್ಕಾ ಮತ್ತು ಚಹಾ ತೆಗೆದುಕೊಳ್ಳಿ. ಬನ್ನನ್ನು ಚಹಾದಲ್ಲಿ ಅದ್ದಿದಾಗ ಬೆಣ್ಣೆ ಕರಗಿ ಮೇಲೆ ತೇಲುತ್ತದೆ, ಹಾಗೇ ತಿನ್ನಬೇಕು. ವಡಾ ಪಾವ್ ಹುಟ್ಟಿದ್ದು ಅರವತ್ತರ ದಶಕದಲ್ಲಿ ದಾದರ್ ಸ್ಟೇಷನ್ ಹೊರಗೆ ಅನ್ನುತ್ತಾರೆ, ಈಗ ಪ್ರತಿ ಸ್ಟೇಷನ್ನಿನ ಬಾಯಲ್ಲೂ ಇದೆ. ಜನ ಎಲ್ಲಿ ಜಾಸ್ತಿ ನಿಂತಿದ್ದಾರೋ, ಎಣ್ಣೆಯಿಂದ ಈಗಷ್ಟೇ ತೆಗೆಯುತ್ತಿದ್ದಾರೋ ಅಲ್ಲಿ ತಿನ್ನಿ. ಒಣ ಬೆಳ್ಳುಳ್ಳಿ ಚಟ್ನಿ ಕೇಳಿ ಹಾಕಿಸಿಕೊಳ್ಳಿ.

ಮಧ್ಯಾಹ್ನದ ಬಿಸಿಲಿಗೆ ಕಾಲಾ ಘೋಡಾದ ಹತ್ತಿರದ ದೊಡ್ಡ ಮ್ಯೂಸಿಯಂ, ಹಿಂದೆ ಪ್ರಿನ್ಸ್ ಆಫ್ ವೇಲ್ಸ್ ಅನ್ನುತ್ತಿದ್ದದ್ದು. ಸಂಜೆ ಐದರ ಹೊತ್ತಿಗೆ ಮರೀನ್ ಡ್ರೈವ್. ಇದು ಪಶ್ಚಿಮದ ಕಡಲು, ಸೂರ್ಯ ಮುಳುಗುವುದು ಇಲ್ಲೇ. ಗೇಟ್‌ವೇ ಇರುವುದು ಪೂರ್ವಕ್ಕೆ, ಬಂದರಿನ ಕಡೆ, ಅದು ಬೆಳಗ್ಗೆಗೆ. ತುಂಬಾ ಜನ ಇದನ್ನು ಉಲ್ಟಾ ಮಾಡಿಕೊಳ್ಳುತ್ತಾರೆ. ಮರೀನ್ ಡ್ರೈವ್‌ನ ಕಟ್ಟೆಯ ಮೇಲೆ ಕುಳಿತು ದೀಪ ಹತ್ತುವವರೆಗೂ ಇರಿ. ಕೆಳಗಿನ ನಾಲ್ಕು ಕಾಲಿನ ಕಾಂಕ್ರೀಟ್ ಬಂಡೆಗಳ ಮೇಲೆ ಮಾತ್ರ ಇಳಿಯಲೇಬೇಡಿ, ಪಾಚಿ ಕಟ್ಟಿರುತ್ತದೆ, ಜಾರಿದರೆ ಸಂದಿಯಲ್ಲಿ ಸಿಕ್ಕಿಕೊಳ್ಳುತ್ತೀರಿ. ಎಂಟೂವರೆ ಆಗುವ ಹೊತ್ತಿಗೆ ಚರ್ಚ್‌ಗೇಟ್‌ನಲ್ಲಿ ರೈಲು ಸ್ವಲ್ಪ ಖಾಲಿಯಾಗಿರುತ್ತದೆ, ಆಗ ಹೊರಡಿ.

ಎರಡನೇ ದಿನ ಎಲಿಫೆಂಟಾ, ಗುಹೆಗಳಿರುವ ದ್ವೀಪ. ಸೋಮವಾರ ಗುಹೆ ಮುಚ್ಚಿರುತ್ತದೆ, ನಿಮ್ಮ ಎರಡನೇ ದಿನ ಸೋಮವಾರ ಬಂದರೆ ದಿನ ಅದಲು ಬದಲು ಮಾಡಿ. ಗೇಟ್‌ವೇಗೆ ಎಂಟಕ್ಕೇ ಹೋಗಿ, 1924ರಲ್ಲಿ ಮುಗಿದ ಈ ಕಮಾನಿನ ಕೆಳಗಿಂದಲೇ 1948ರ ಫೆಬ್ರವರಿ 28ರಂದು ಕೊನೆಯ ಬ್ರಿಟಿಷ್ ಸೈನಿಕರು ಹೊರಟು ಹೋದರು. ಒಂಬತ್ತರ ಸುಮಾರಿಗೆ ದೋಣಿ ಹತ್ತಿದರೆ ಒಂದು ಗಂಟೆಯ ದಾರಿ. ಊರಿನವರು ದ್ವೀಪವನ್ನು ಘಾರಾಪುರಿ ಅನ್ನುತ್ತಾರೆ. ಮೇಲೆ ಹತ್ತಲು ನೂರಿಪ್ಪತ್ತು ಮೆಟ್ಟಿಲು, ಎರಡೂ ಕಡೆ ಅಂಗಡಿ, ಜೊತೆಗೆ ಮಂಗಗಳು, ನೀರಿನ ಬಾಟಲಿ ಕೈಯಲ್ಲಿ ಹಿಡಿದರೆ ಹೋಯಿತು ಅಂತಲೇ ಲೆಕ್ಕ.

ಬಾದಾಮಿ ನೋಡಿದವರಿಗೆ ಈ ಗುಹೆ ಬೇರೆಯೇ ಥರ ಅನ್ನಿಸುತ್ತದೆ. ಒಳಗೆ ಕತ್ತಲಿದೆ, ಕಣ್ಣು ಹೊಂದಿಕೊಳ್ಳಲು ಎರಡು ನಿಮಿಷ ಬೇಕು. ಆಮೇಲೆ ಸದಾಶಿವನ ಮೂರು ಮುಖ ನಿಧಾನಕ್ಕೆ ಮೂಡುತ್ತದೆ, ಸುಮಾರು 6 ಮೀಟರ್ ಎತ್ತರ. ನಮ್ಮ ಎಡಕ್ಕೆ ಮೀಸೆ ಹೊತ್ತ ಉಗ್ರ ಮುಖ, ಕೈಯಲ್ಲಿ ಹಾವು. ಬಲಕ್ಕೆ ಹೆಣ್ಣಿನ ಕೋಮಲ ಮುಖ, ಕೈಯಲ್ಲಿ ತಾವರೆ. ನಡುವಿನದು ಕಣ್ಣು ಮುಚ್ಚಿ ಸುಮ್ನೆ ಇದೆ. ಜನರ ಗುಂಪು ಸೆಲ್ಫಿ ಮುಗಿಸಿ ಹೋಗುವವರೆಗೆ ಕಂಬದ ಪಕ್ಕ ಕಾದು ನಿಂತಿರಿ, ಒಂದು ನಿಮಿಷ ಯಾರೂ ಇಲ್ಲದೆ ಸಿಗುತ್ತದೆ. ಆ ಒಂದು ನಿಮಿಷಕ್ಕಾಗಿ ಅಷ್ಟು ದೂರ ಹೋಗಬಹುದು, ಖಂಡಿತ ಹೇಳುತ್ತೇನೆ.

ಎರಡು ಗಂಟೆಗೆ ವಾಪಸ್ ಬಂದರೆ ಗೇಟ್‌ವೇಯಿಂದ ಸಿಎಸ್‌ಎಂಟಿಗೆ ‘ಬೆಸ್ಟ್’ ಅನ್ನುವ ಇಲ್ಲಿನ ಸಿಟಿ ಬಸ್ಸು, ಕನಿಷ್ಠ ದರ 10 ರೂಪಾಯಿ. ಇಲ್ಲವೇ ಕಾಲಿ ಪೀಲಿ, ಅಂದರೆ ಕಪ್ಪು ಹಳದಿ ಟ್ಯಾಕ್ಸಿ, ಮೀಟರ್ 31 ರೂಪಾಯಿಯಿಂದ ಶುರು, ಬಾಯಿಗೆ ಬಂದ ರೇಟು ಹೇಳಿದರೆ ಮುಂದಿನ ಗಾಡಿಗೆ ಕೈ ಮಾಡಿ. ಈ ಭಾಗದಲ್ಲಿ ಆಟೋ ಹುಡುಕಬೇಡಿ, ಆಟೋ ಓಡುವುದು ಬಾಂದ್ರಾ, ಸಯಾನ್ ಆಚೆ ಮಾತ್ರ.

ಸಿಎಸ್‌ಎಂಟಿಯಿಂದ ಸ್ಲೋ ಲೋಕಲ್ ಹಿಡಿದು ಮಾಟುಂಗಾದಲ್ಲಿ ಇಳಿಯಿರಿ, ದಾದರ್ ಆದಮೇಲಿನ ಸ್ಟೇಷನ್. ಹೊರಗೆ ಬಂದರೆ ಮಲ್ಲಿಗೆ ವಾಸನೆ, ಬಾಳೆ ಎಲೆ, ಫಿಲ್ಟರ್ ಕಾಫಿ. ರಾಮ ಆಶ್ರಯ, ಕೆಫೆ ಮದ್ರಾಸ್, 1942ರ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಎಲ್ಲ ಈ ಮಾಟುಂಗಾದಲ್ಲೇ ಇವೆ. ಕರಾವಳಿಯಿಂದ ಬಂದ ಹುಡುಗರು ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಕನ್ನಡ ಶಾಲೆಯಲ್ಲಿ ಓದಿದ ಊರು ಇದು. ಮಾಣಿ ಟೇಬಲ್ ಒರೆಸಲು ಬಂದಾಗ ಕನ್ನಡದಲ್ಲೇ ಕೇಳಿ ನೋಡಿ, "ಯಾವ ಊರು ಅಣ್ಣಾ ನಿಮ್ಮದು?" ನನಗೆ ಒಬ್ಬರು "ಕಾರ್ಕಳ" ಅಂದರು, ಹೇಳಿ ಐದು ನಿಮಿಷಕ್ಕೆ ಕೇಳದೆಯೇ ಇನ್ನೊಂದು ಬಟ್ಟಲು ರಸಂ ಬಂತು.

ರಾತ್ರಿ ರೈಲಿದ್ದರೆ ಇಡ್ಲಿ ಇಲ್ಲೇ ಪಾರ್ಸೆಲ್ ಕಟ್ಟಿಸಿಕೊಳ್ಳಿ. ಹೊರಡುವ ಮೊದಲು ಟಿಕೆಟ್ ಇನ್ನೊಮ್ಮೆ ತೆಗೆದು ನೋಡಿ. ಸಿಎಸ್‌ಎಂಟಿ, ದಾದರ್, ಲೋಕಮಾನ್ಯ ತಿಲಕ್ ಟರ್ಮಿನಸ್ ಮೂರೂ ಬೇರೆ ಬೇರೆ ಜಾಗ, ಸಂಜೆಯ ಜನದಲ್ಲಿ ಒಂದರಿಂದ ಇನ್ನೊಂದಕ್ಕೆ ಹೋಗುವುದಕ್ಕೆ ಒಂದು ಗಂಟೆಯಾದರೂ ಇಟ್ಟುಕೊಳ್ಳಿ.