ಅಮೆರಿಕದಲ್ಲಿ ಪೇಟೆಂಟ್ ಅರ್ಜಿ: ಚಿತ್ರಗಳನ್ನು ಆಮೇಲೆ ಸೇರಿಸಿದರಾಯಿತೆಂದು ನಂಬಬೇಡಿ

ಕೆಲಸಕ್ಕೆಂದು ಇಲ್ಲಿಗೆ ಬಂದು ನೆಲೆಯೂರಿದ ಮೇಲೆ ಬಿಡುವಿನಲ್ಲಿ ಒಂದು ಸಾಧನವನ್ನು ರೂಪಿಸಿ, ವಕೀಲರ ವೆಚ್ಚಕ್ಕೆ ಹಿಂಜರಿದು ಪೇಟೆಂಟ್ ಅರ್ಜಿಯನ್ನು ತಾವೇ ಸಲ್ಲಿಸುವ ಕನ್ನಡಿಗರಿದ್ದಾರೆ. ಅವರ ಕಾಗದಪತ್ರಗಳನ್ನು ಓದಿಕೊಡುವಾಗ ನನಗೆ ಮತ್ತೆ ಮತ್ತೆ ಕಾಣುವ ದೋಷ ಚಿತ್ರಗಳದ್ದು. ಆದ್ದರಿಂದ ಆ ವಿಷಯವನ್ನಷ್ಟೇ ಇಲ್ಲಿ ಬರೆಯುತ್ತಿದ್ದೇನೆ.

ಆವಿಷ್ಕಾರವನ್ನು ಅರ್ಥಮಾಡಿಕೊಳ್ಳಲು ಚಿತ್ರ ಅಗತ್ಯವಿದ್ದರೆ ಅರ್ಜಿದಾರ ಅದನ್ನು ಒದಗಿಸಲೇಬೇಕು ಎನ್ನುತ್ತದೆ ಅಮೆರಿಕದ ಪೇಟೆಂಟ್ ಕಾನೂನಿನ 113ನೇ ಸೆಕ್ಷನ್. ರಾಸಾಯನಿಕ ಮಿಶ್ರಣಕ್ಕೆ ಚಿತ್ರವಿಲ್ಲದೆಯೂ ನಡೆದೀತು. ಯಂತ್ರೋಪಕರಣಕ್ಕೆ ನಡೆಯುವುದು ಕಷ್ಟ. ಆದರೆ 2013ರ ಡಿಸೆಂಬರ್‌ನಿಂದೀಚೆಗೆ, ಲಿಖಿತ ವಿವರಣೆ ಕೈಸೇರಿದರೆ ಸಾಕು, ಚಿತ್ರಗಳಿಲ್ಲದಿದ್ದರೂ ಪೇಟೆಂಟ್ ಕಚೇರಿ ಸಾಮಾನ್ಯ ಅರ್ಜಿಗೆ ಸಲ್ಲಿಕೆಯ ದಿನಾಂಕವನ್ನು (ಆವಿಷ್ಕಾರ ಹೊಸತೇ ಎಂದು ಅಳೆಯಲು ಆಧಾರವಾಗುವ ದಿನವನ್ನು) ಕೊಡುತ್ತದೆ. ಹೊಸಬರು ಮೋಸಹೋಗುವುದು ಇಲ್ಲಿಯೇ. ದಿನಾಂಕದ ನಂತರ ಕೊಟ್ಟ ಚಿತ್ರದಿಂದ ಮೂಲ ವಿವರಣೆಯ ಕೊರತೆಯನ್ನು ತುಂಬುವಂತಿಲ್ಲವೆಂದು ಅದೇ ಸೆಕ್ಷನ್ ಮುಂದೆ ಹೇಳುತ್ತದೆ. ತಿದ್ದುಪಡಿಯ ಹೆಸರಿನಲ್ಲಿ ಹೊಸ ವಿಷಯವನ್ನು ತರುವುದನ್ನು 132ನೇ ಸೆಕ್ಷನ್ ನಿಷೇಧಿಸುತ್ತದೆ.

ಪ್ರಾವಿಷನಲ್ ಅರ್ಜಿಯಲ್ಲಿ, ಅಂದರೆ ಪೂರ್ಣ ಅರ್ಜಿಗೆ ಮುಂಚೆ ದಿನಾಂಕವನ್ನು ಕಾಯ್ದಿರಿಸಲು ಹಾಕುವ ತಾತ್ಕಾಲಿಕ ಅರ್ಜಿಯಲ್ಲಿ, ಈ ಅಪಾಯ ಇನ್ನೂ ಹೆಚ್ಚು, ಏಕೆಂದರೆ ಅದನ್ನು ಕಚೇರಿಯಲ್ಲಿ ಯಾರೂ ಪರೀಕ್ಷಿಸುವುದಿಲ್ಲ. ಶುಲ್ಕ ಕಟ್ಟಿದರೆ ರಸೀದಿ ಬರುತ್ತದೆ, ಪೂರ್ಣ ಅರ್ಜಿ ಸಲ್ಲಿಸಲು ಹನ್ನೆರಡು ತಿಂಗಳ ಕಾಲಾವಕಾಶ ಸಿಗುತ್ತದೆ, ಎಲ್ಲವೂ ಭದ್ರವಾಯಿತೆಂದು ಅರ್ಜಿದಾರ ನೆಮ್ಮದಿಯಿಂದಿರುತ್ತಾನೆ. ನನ್ನ ಪರಿಚಯದ ತುಮಕೂರಿನ ಕಡೆಯವರೊಬ್ಬರು ಮಡಚಿಡಬಹುದಾದ ತೆಂಗಿನಕಾಯಿ ತುರಿಯುವ ಮಣೆಯೊಂದನ್ನು ಮಾಡಿ, ಫೋನಿನಲ್ಲಿ ತೆಗೆದ ಹೊರನೋಟದ ಕೆಲವು ಫೋಟೋಗಳೊಡನೆ ಪ್ರಾವಿಷನಲ್ ಅರ್ಜಿ ಹಾಕಿದರು. ಮಣೆಯ ಕಾಲನ್ನು ಅಲುಗದಂತೆ ಹಿಡಿಯುವ ಒಳಗಿನ ಚಿಲಕವೇ ಅದರ ಹೊಸತನವಾಗಿತ್ತು. ಅದು ಯಾವ ಫೋಟೋದಲ್ಲಿಯೂ ಇರಲಿಲ್ಲ, ಬರಹದಲ್ಲಿ ‘ಭದ್ರಪಡಿಸುವ ವ್ಯವಸ್ಥೆ’ ಎಂದಷ್ಟೇ ಇತ್ತು. ಬಳಿಕ ಅವರು ಒಂದು ಪ್ರದರ್ಶನದಲ್ಲಿ ಮಣೆಯನ್ನು ಬಿಚ್ಚಿ ಎಲ್ಲರಿಗೂ ತೋರಿಸಿದರು. ವರ್ಷ ತುಂಬುವ ಮೊದಲು ಒಳ್ಳೆಯ ಚಿತ್ರಗಳನ್ನು ಬರೆಸಿ ಪೂರ್ಣ ಅರ್ಜಿಯನ್ನೂ ಸಲ್ಲಿಸಿದರು. ಅಷ್ಟರಲ್ಲಿ ಬೇರೊಬ್ಬರು ಅಂಥದ್ದೇ ಚಿಲಕದ ವಿವರವನ್ನು ಪ್ರಕಟಿಸಿಬಿಟ್ಟಿದ್ದರು. ಚಿಲಕದ ಕ್ಲೇಮ್‌ಗಳಿಗೆ, ಅಂದರೆ ಹಕ್ಕನ್ನು ಕೇಳುವ ವಾಕ್ಯಗಳಿಗೆ, ಮೊದಲ ಅರ್ಜಿಯಲ್ಲಿ ಆಧಾರವಿಲ್ಲ, ಅವಕ್ಕೆ ಎರಡನೆಯ ದಿನಾಂಕವೇ ಸಲ್ಲುತ್ತದೆ ಎಂದು ಪರೀಕ್ಷಕರು ಬರೆದರು. ಸ್ವಂತ ಪ್ರದರ್ಶನಕ್ಕೆ ಅಮೆರಿಕದ ಕಾನೂನು ಒಂದು ವರ್ಷದ ವಿನಾಯಿತಿ ಕೊಡುವುದರಿಂದ ಆ ಪ್ರದರ್ಶನ ಇಲ್ಲಿ ಅಡ್ಡಿಯಾಗಲಿಲ್ಲ. ಅಡ್ಡಿಯಾದದ್ದು ಮಧ್ಯೆ ಬಂದ ಪ್ರಕಟಣೆ. ಭಾರತದಲ್ಲಿಯೂ ಯುರೋಪಿನಲ್ಲಿಯೂ ಇಂಥ ಧಾರಾಳ ವಿನಾಯಿತಿ ಇಲ್ಲದ ಕಾರಣ, ಅಲ್ಲಿ ಅವರದೇ ಪ್ರದರ್ಶನ ಅವರಿಗೆ ಮುಳುವಾಯಿತು.

ಆದುದರಿಂದ ಪ್ರಾವಿಷನಲ್ ಅರ್ಜಿಯನ್ನೇ ಕೊನೆಯ ಅರ್ಜಿಯೆಂದು ಭಾವಿಸಿ ಚಿತ್ರ ಬರೆಯಿರಿ. ಕೈಯಲ್ಲಿ ಬರೆದ ರೇಖಾಚಿತ್ರವಾದರೂ ಚಿಂತೆಯಿಲ್ಲ, ಅಂದ ಮುಖ್ಯವಲ್ಲ. ಬಿಡಿಭಾಗಗಳನ್ನು ಬೇರ್ಪಡಿಸಿ ತೋರಿಸುವ ನೋಟ, ಒಳಭಾಗ ಕಾಣುವ ಅಡ್ಡಸೀಳು ನೋಟ, ಚಲಿಸುವ ಭಾಗಗಳ ಎರಡೂ ಸ್ಥಿತಿಗಳು ಇರಲೇಬೇಕು. ಪರ್ಯಾಯ ರೂಪಗಳು ಮನಸ್ಸಿನಲ್ಲಿದ್ದರೆ ಅವನ್ನೂ ಅಂದೇ ಬರೆದಿಡಿ.

ಪೂರ್ಣ ಅರ್ಜಿಯ ಚಿತ್ರಗಳಿಗೆ ರೂಪದ ನಿಯಮಗಳಿವೆ: ಬಿಳಿ ಹಾಳೆಯ ಮೇಲೆ ಕಪ್ಪು ಗೆರೆ, ಮೇಲೆ ಮತ್ತು ಎಡಕ್ಕೆ 2.5 ಸೆಂ.ಮೀ., ಬಲಕ್ಕೆ 1.5, ಕೆಳಗೆ 1 ಸೆಂ.ಮೀ. ಅಂಚು, ಭಾಗಗಳನ್ನು ಗುರುತಿಸಲು ಕನಿಷ್ಠ 0.32 ಸೆಂ.ಮೀ. ಎತ್ತರದ ಅಂಕಿಗಳು. ಚಿತ್ರದಲ್ಲಿರುವ ಪ್ರತಿ ಅಂಕಿಯೂ ವಿವರಣೆಯಲ್ಲಿರಬೇಕು, ವಿವರಣೆಯಲ್ಲಿರುವ ಪ್ರತಿ ಗುರುತಿನ ಅಂಕಿಯೂ ಚಿತ್ರದಲ್ಲಿರಬೇಕು. ಇವುಗಳಲ್ಲಿ ತಪ್ಪಿದರೆ ಬದಲಿ ಹಾಳೆ ಕೊಟ್ಟು ಸರಿಪಡಿಸಬಹುದು. ಭಾರತದ ನಿಯಮವು ಮೇಲೆ ಮತ್ತು ಎಡಕ್ಕೆ 4 ಸೆಂ.ಮೀ. ಅಂಚನ್ನೂ, ಪ್ರತಿ ಹಾಳೆಯಲ್ಲಿ ಅರ್ಜಿದಾರನ ಹೆಸರು ಮತ್ತು ಸಹಿಯನ್ನೂ ಕೇಳುವುದರಿಂದ, ಅಲ್ಲಿಗೆ ಮಾಡಿಸಿದ ಹಾಳೆಗಳನ್ನು ಹಾಗೆಯೇ ಇಲ್ಲಿಗೆ ಕಳುಹಿಸಬೇಡಿ. ಕ್ಲೇಮ್‌ನಲ್ಲಿ ಹೇಳಿದ ಪ್ರತಿಯೊಂದು ಅಂಶವೂ ಚಿತ್ರದಲ್ಲಿ ಕಾಣಬೇಕೆಂಬ ಅಮೆರಿಕದ ನಿಯಮವನ್ನು ನಾನು ಬಹಳ ಮೆಚ್ಚುತ್ತೇನೆ. ಅದನ್ನು ಪಾಲಿಸುವಾಗಲೇ ತನ್ನ ಬರಹದಲ್ಲಿ ಏನು ಬಿಟ್ಟುಹೋಗಿದೆಯೆಂಬುದು ಅರ್ಜಿದಾರನಿಗೆ ತಿಳಿಯುತ್ತದೆ.

ಡಿಸೈನ್ ಪೇಟೆಂಟಿನ ಕ್ರಮವೇ ಬೇರೆ. ಭಾರತದಲ್ಲಿ 2000ದ ಡಿಸೈನ್ಸ್ ಕಾಯ್ದೆಯಡಿ ನೋಂದಣಿಯಾಗುವ ವಸ್ತುವಿನ ಹೊರರೂಪಕ್ಕೆ ಇಲ್ಲಿ ಪೇಟೆಂಟನ್ನೇ ಕೊಡುತ್ತಾರೆ, ಮತ್ತು ಅದರಲ್ಲಿ ಹಕ್ಕಿನ ವ್ಯಾಪ್ತಿಯನ್ನು ನಿರ್ಧರಿಸುವುದು ಚಿತ್ರಗಳೇ. ತುಂಡುಗೆರೆಯಲ್ಲಿ ಬರೆದ ಭಾಗ ಹಕ್ಕಿನ ಹೊರಗುಳಿಯುತ್ತದೆ. ಚಿತ್ರವಿಲ್ಲದೆ ದಿನಾಂಕ ಸಿಗುವ ಸೌಲಭ್ಯ ಇದಕ್ಕಿಲ್ಲ, ಪ್ರಾವಿಷನಲ್ ಅರ್ಜಿಯ ದಿನಾಂಕವನ್ನೂ ಇದಕ್ಕೆ ಬಳಸಲಾಗದು. ಒಂದು ನೋಟದಲ್ಲಿ ಕಾಣುವ ಅಂಚು ಇನ್ನೊಂದರಲ್ಲಿ ಕಾಣದಿದ್ದರೆ ತಕರಾರು ಬರುತ್ತದೆ. ಆಗ ತಿದ್ದಲು ಹೊರಟರೂ, ಮೊದಲು ಕೊಟ್ಟ ನೋಟಗಳಲ್ಲಿ ಎಲ್ಲಿಯೂ ಇಲ್ಲದ ಆಕಾರವನ್ನು ಸೇರಿಸಲು ಪರೀಕ್ಷಕರು ಬಿಡುವುದಿಲ್ಲ.