ತಾಳಗುಂದದ ಕಂಬ ನೋಡದೆ ತಾಳಗುಂದದ ಬಗ್ಗೆ ಬರೆದಿದ್ದೆ

ಎಂ.ಎ. ಇತಿಹಾಸದ ಕೊನೆಯ ಸೆಮಿಸ್ಟರ್‌ನಲ್ಲಿ ಕಿರುಪ್ರಬಂಧ ಬರೆಯಬೇಕಿತ್ತು. ಶಿಕಾರಿಪುರ ತಾಲ್ಲೂಕಿನ ಕೆರೆಗಳು ಮತ್ತು ಶಾಸನಗಳು ಅನ್ನುವ ವಿಷಯ ತೆಗೆದುಕೊಂಡೆ. ನಮ್ಮ ಕಡೆಯದೇ ವಿಷಯ, ಸುಲಭ ಆಗುತ್ತದೆ ಅಂದುಕೊಂಡಿದ್ದೆ. ಹತ್ತೇ ದಿನದಲ್ಲಿ ಮೊದಲ ಅಧ್ಯಾಯ ಮುಗಿಸಿ ಗೈಡ್ ಕೈಗೆ ಕೊಟ್ಟೆ. ಎರಡನೇ ಪುಟದಲ್ಲೇ ಅವರ ಪೆನ್ನು ನಿಂತಿತು.

"ಮಯೂರಶರ್ಮನು ಹಾಕಿಸಿದ ತಾಳಗುಂದ ಶಾಸನ ಅಂತ ಬರೆದಿದ್ದೀಯಲ್ಲಮ್ಮ, ಈ ಶಾಸನ ನೀನು ಓದಿದ್ದೀಯಾ?"

ಓದಿರಲಿಲ್ಲ. ಕದಂಬ ರಾಜ್ಯ ಕಟ್ಟಿದ ಮಯೂರಶರ್ಮ ಕಂಚಿಗೆ ಓದಲು ಹೋದದ್ದು, ಅಲ್ಲಿ ಪಲ್ಲವರ ಅಶ್ವಾರೋಹಿ ಜೊತೆ ಜಗಳ ಆದದ್ದು, ಸಿಟ್ಟಿನಲ್ಲಿ ಕತ್ತಿ ಹಿಡಿದದ್ದು, ಈ ಕಥೆಯೆಲ್ಲ ಆ ಶಾಸನದಲ್ಲಿ ಇದೆ ನಿಜ. ಆದರೆ ಕಂಬದ ಮೇಲೆ ಅದನ್ನು ಕೆತ್ತಿದ್ದು ಹಲವು ತಲೆಮಾರು ಕಳೆದ ಮೇಲೆ, ಅದೇ ವಂಶದ ರಾಜ ಕಾಕುಸ್ಥವರ್ಮನ ಮಗ ಶಾಂತಿವರ್ಮನ ಕಾಲದಲ್ಲಿ. ಮಯೂರಶರ್ಮ ಹಾಕಿಸಿದ್ದು ಅನ್ನುವ ಮಾತು ನನಗೆ ಮೂರು ವೆಬ್‌ಸೈಟ್‌ಗಳಲ್ಲಿ ಸಿಕ್ಕಿತ್ತು. ಮೂರು ಕಡೆ ಇದೆ ಅಂದ ಮೇಲೆ ಸರಿಯೇ ಇರಬೇಕು ಅಂತ ನಂಬಿದ್ದೆ. ಗೈಡ್ ಹೇಳಿದ ಮೇಲೆ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ವಾಕ್ಯಗಳೂ ಒಂದೇ, ಒಂದು ಕಾಗುಣಿತದ ತಪ್ಪೂ ಒಂದೇ. ಒಬ್ಬರು ಬರೆದದ್ದನ್ನು ಇಬ್ಬರು ಎತ್ತಿಕೊಂಡಿದ್ದರು, ನಾಲ್ಕನೆಯವಳು ನಾನು.

ಅವತ್ತು ನನ್ನ ಬ್ಯಾಗಿನಲ್ಲಿ ಕೃತಿಚೌರ್ಯ ಪತ್ತೆ ಮಾಡುವ ತಂತ್ರಾಂಶದ ವರದಿಯೂ ಇತ್ತು. ಹೋಲಿಕೆ ಶೇಕಡಾ 3 ಅಂತ ಬಂದಿತ್ತು, ಹಾಗಾಗಿ ನಾನು ನಿಶ್ಚಿಂತೆಯಿಂದ ಹೋಗಿದ್ದೆ. ಆಮೇಲೆ ಗೊತ್ತಾಯಿತು, ನಾನು ಟೈಪ್ ಮಾಡಿದ್ದು ಯೂನಿಕೋಡ್ ಅಲ್ಲದ ಹಳೆಯ ಫಾಂಟ್‌ನಲ್ಲಿ. ಪರದೆ ಮೇಲೆ ನಮಗೆ ಕನ್ನಡ ಕಾಣುತ್ತದೆ, ಆದರೆ ಕಂಪ್ಯೂಟರ್ ಒಳಗೆ ಇರುವುದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು. ತಂತ್ರಾಂಶ ಅದನ್ನು ಓದಲೇ ಇಲ್ಲ! ಯೂನಿಕೋಡ್‌ಗೆ ಪರಿವರ್ತಿಸಿ ಮತ್ತೆ ಹಾಕಿದಾಗ ಹೋಲಿಕೆ ಇಪ್ಪತ್ತು ದಾಟಿತು. ಅದರಲ್ಲೂ ಇಂಗ್ಲಿಷ್ ಪುಸ್ತಕಗಳಿಂದ ನಾನು ಕನ್ನಡಕ್ಕೆ ತಿರುಗಿಸಿ ಹಾಕಿದ್ದ ಪ್ಯಾರಾಗಳು ಸಿಕ್ಕಿಬೀಳಲಿಲ್ಲ. ಕನ್ನಡದಲ್ಲಿ ಪ್ರಬಂಧ ಬರೆಯುವ ನಮ್ಮಲ್ಲಿ ಇದೇ ಜಾಸ್ತಿ ಅಲ್ವಾ? ಭಾಷೆ ಬದಲಾಯಿತು, ಇನ್ನು ಇದು ನನ್ನದೇ ಅಂದುಬಿಡುತ್ತೇವೆ. ಯೋಚನೆ ಅವರದು, ವಾದದ ಜೋಡಣೆ ಅವರದು, ಉದಾಹರಣೆಯೂ ಅವರದು. ನನ್ನದು ಅಂತ ಇದ್ದದ್ದು ಕ್ರಿಯಾಪದಗಳು ಮಾತ್ರ.

ವಿಶ್ವವಿದ್ಯಾಲಯ ಧನಸಹಾಯ ಆಯೋಗ, ಅಂದರೆ ಯುಜಿಸಿ, 2018ರಲ್ಲಿ ಇದಕ್ಕೆಂದೇ ನಿಯಮ ತಂದಿದೆ. ಹೋಲಿಕೆ ಶೇಕಡಾ 10ರವರೆಗೆ ಇದ್ದರೆ ದಂಡನೆ ಇಲ್ಲ. 10ರಿಂದ 40 ಆದರೆ ತಿದ್ದಿ ಮತ್ತೆ ಕೊಡಬೇಕು, ಅದಕ್ಕೆ ಸಿಗುವ ಸಮಯ ಹೆಚ್ಚೆಂದರೆ 6 ತಿಂಗಳು. 40ರಿಂದ 60 ಆದರೆ ಒಂದು ವರ್ಷ ತಿದ್ದಿದ ಪ್ರತಿ ಕೊಡುವಂತಿಲ್ಲ. 60 ದಾಟಿದರೆ ನೋಂದಣಿಯೇ ರದ್ದು. ಉದ್ಧರಣ ಚಿಹ್ನೆ ಹಾಕಿ ಮೂಲ ಹೇಳಿದ ಭಾಗ, ಗ್ರಂಥಸೂಚಿ, ಪರಿವಿಡಿ ಇವೆಲ್ಲ ಲೆಕ್ಕಕ್ಕೆ ಬರುವುದಿಲ್ಲ. ಈ ಶೇಕಡಾ ಲೆಕ್ಕವನ್ನು ಕೆಲವರು ರಿಯಾಯಿತಿ ಅಂದುಕೊಂಡಿದ್ದಾರೆ, ಒಂಬತ್ತು ಬಂದರೆ ಪಾರಾದೆವು ಅಂತ. ನನಗೆ ಅದು ಒಪ್ಪಿಗೆ ಇಲ್ಲ. ನನ್ನ ಮೊದಲ ವರದಿಯಲ್ಲಿ ಮೂರೇ ಇತ್ತು, ಅಧ್ಯಾಯ ಮಾತ್ರ ಬಹುಪಾಲು ಬೇರೆಯವರದು.

ಎಲ್ಲಿ ತಪ್ಪಿದೆ ಅಂತ ಕೂತು ಹಿಂದಕ್ಕೆ ಹೋದೆ. ಬರೆಯುವ ಹೊತ್ತಿನಲ್ಲಿ ನಾನು ಬೇಕಂತ ಕದ್ದಿರಲಿಲ್ಲ. ತಪ್ಪು ಅದಕ್ಕೂ ಮುಂಚೆ, ಟಿಪ್ಪಣಿ ಮಾಡಿಕೊಳ್ಳುವಾಗಲೇ ಆಗಿತ್ತು. ಸಿಕ್ಕಿದ್ದನ್ನೆಲ್ಲ ಕಾಪಿ ಮಾಡಿ ಒಂದೇ ಫೈಲಿನಲ್ಲಿ ಹಾಕುತ್ತಾ ಹೋಗಿದ್ದೆ, ನಡುನಡುವೆ ನನ್ನ ಮಾತನ್ನೂ ಸೇರಿಸಿದ್ದೆ. ತಿಂಗಳು ಬಿಟ್ಟು ತೆರೆದಾಗ ಯಾವುದು ಯಾರದು ಅಂತ ನನಗೇ ಗೊತ್ತಾಗಲಿಲ್ಲ. ಆ ಫೈಲನ್ನು ಇಡೀ ತೆಗೆದುಹಾಕಿದೆ. ಕಷ್ಟ ಆಯಿತು, ಆದರೆ ಅದನ್ನು ಇಟ್ಟುಕೊಂಡು ತಿದ್ದುವುದಕ್ಕೆ ದಾರಿಯೇ ಇರಲಿಲ್ಲ.

ಇನ್ನೂರು ಪುಟದ ಒಂದು ನೋಟ್‌ಬುಕ್ ತಂದೆ. ಎಡಗಡೆ ಪುಟದಲ್ಲಿ ಪುಸ್ತಕದ ಮಾತು, ಉದ್ಧರಣ ಚಿಹ್ನೆಯ ಒಳಗೆ, ಪುಟಸಂಖ್ಯೆ ಸಮೇತ. ಬಲಗಡೆ ನನ್ನ ಮಾತು. ಬಲಗಡೆ ಬರೆಯುವಾಗ ಪುಸ್ತಕ ಮುಚ್ಚಿಡುತ್ತಿದ್ದೆ. ಮುಚ್ಚಿದ ಮೇಲೆ ಏನೂ ಬರೆಯಲಾಗದಿದ್ದರೆ ನನಗೆ ಅರ್ಥ ಆಗಿಲ್ಲ ಅಂತ, ಮತ್ತೆ ಓದುತ್ತಿದ್ದೆ. ಬರೆದು ಆದ ಮೇಲೆ ಮೂಲದ ಜೊತೆ ಹೋಲಿಸಿ, ನುಡಿಗಟ್ಟು ಹಾಗೇ ಬಂದಿದ್ದರೆ ಒಂದೋ ಉದ್ಧರಣ ಚಿಹ್ನೆ ಹಾಕುತ್ತಿದ್ದೆ, ಇಲ್ಲ ಬದಲಾಯಿಸುತ್ತಿದ್ದೆ. ನಮ್ಮ ಮಾತಿನಲ್ಲಿ ಬರೆದರೂ ಅಡಿಟಿಪ್ಪಣಿ ಬೇಕೇ ಬೇಕು. ಇದನ್ನು ನಾನು ಮೊದಲು ತಪ್ಪಾಗಿ ತಿಳಿದಿದ್ದೆ. ಪುಸ್ತಕಗಳ ವಿವರ ಇಡುವುದಕ್ಕೆ ಝೊಟೆರೊ ಅನ್ನುವ ತಂತ್ರಾಂಶ ಬಳಸಿದೆ, ಅದು ಉಚಿತ. ವೆಬ್ ಪುಟ ಆದರೆ ನೋಡಿದ ದಿನಾಂಕ ಬರೆದುಕೊಳ್ಳುತ್ತಿದ್ದೆ. ಜೊತೆಗೆ ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್‌ನಲ್ಲಿ ಒಂದು ಪ್ರತಿ ಉಳಿಸಿ, ಆ ಕೊಂಡಿಯನ್ನೂ ಇಟ್ಟುಕೊಳ್ಳುತ್ತಿದ್ದೆ. ನಾನು ನೋಡಿದ ಎರಡು ಪುಟ ಪ್ರಬಂಧ ಮುಗಿಯುವಷ್ಟರಲ್ಲಿ ಮಾಯವಾಗಿದ್ದವು.

ವಿಕಿಪೀಡಿಯ ನೋಡಲೇಬಾರದು ಅಂತ ಕೆಲವು ಮೇಷ್ಟ್ರುಗಳು ಹೇಳುತ್ತಾರೆ. ನಾನು ನೋಡುತ್ತೇನೆ, ಆದರೆ ಕೆಳಗಿನಿಂದ ಓದುತ್ತೇನೆ. ಮೊದಲು ಉಲ್ಲೇಖಗಳು, ಅಲ್ಲಿಂದ ಮೂಲಕ್ಕೆ. ಹಾಗೇ ಹೋಗಿ ನಮ್ಮ ಕಡೆಯ ಶಾಸನಗಳನ್ನು ಸಂಗ್ರಹಿಸಿ ಅಚ್ಚು ಹಾಕಿಸಿದ ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾದ 7ನೇ ಸಂಪುಟ ಸಿಕ್ಕಿತು. 1902ರದ್ದು, ಶಿಕಾರಿಪುರದ 176ನೇ ಶಾಸನವೇ ತಾಳಗುಂದದ್ದು. ಜರ್ಮನ್ ವಿದ್ವಾಂಸ ಕೀಲ್‌ಹಾರ್ನ್ ಎಪಿಗ್ರಾಫಿಯಾ ಇಂಡಿಕಾ ಅನ್ನುವ ಶಾಸನ ಸಂಪುಟಮಾಲೆಯ 8ನೇ ಸಂಪುಟದಲ್ಲಿ ಇದನ್ನೇ ಮತ್ತೆ ಸಂಪಾದಿಸಿದ್ದಾರೆ, ಶೀರ್ಷಿಕೆಯಲ್ಲಿ ಕಾಕುಸ್ಥವರ್ಮನ ಹೆಸರಿದೆ. ಪೂರ್ತಿ ಅನುವಾದ ಓದಿದ ದಿನ ನನಗೆ ನಿದ್ದೆ ಬರಲಿಲ್ಲ. ಯಾಕೆಂದರೆ ಆ ಶಾಸನ ಹುಟ್ಟಿದ್ದೇ ಒಂದು ಕೆರೆಗಾಗಿ! ಕಾಕುಸ್ಥವರ್ಮ ಅಲ್ಲಿನ ಶಿವಾಲಯದ ಹತ್ತಿರ ಕೆರೆ ಕಟ್ಟಿಸಿದ ಸಂಗತಿ ಅದರಲ್ಲಿದೆ. ನನ್ನ ವಿಷಯವೇ ಕೆರೆ. ವೆಬ್‌ಸೈಟ್‌ನವರಿಗೆ ಕಂಚಿಯ ಜಗಳ ರೋಚಕವಾಗಿತ್ತು, ಕೆರೆ ಬಿಟ್ಟಿದ್ದರು. ಅವರು ಬಿಟ್ಟದ್ದನ್ನು ನಾನೂ ಬಿಟ್ಟಿದ್ದೆ.

ಇನ್ನೊಂದು ಸಾಲು ಕೂಡ ಮನಸ್ಸಿನಲ್ಲಿ ಉಳಿಯಿತು. ಈ ಕಾವ್ಯ ಬರೆದವನು ಕುಬ್ಜ ಅನ್ನುವ ಕವಿ. ಇದು ತನ್ನ ಸ್ವಂತ ಕಾವ್ಯ, ಇದನ್ನು ಕಲ್ಲಿನ ಮೇಲೆ ಬರೆದೆ ಅಂತ ಕೊನೆಯಲ್ಲಿ ಹೇಳಿಕೊಂಡಿದ್ದಾನೆ. ಸ್ವಕಾವ್ಯ ಅನ್ನುವ ಪದವೇ ಇದೆ. ಆ ಭಾನುವಾರ ಶಿರಾಳಕೊಪ್ಪದ ಬಸ್ಸು ಹಿಡಿದು ತಾಳಗುಂದಕ್ಕೆ ಹೋದೆ. ಪ್ರಣವೇಶ್ವರ ದೇವಸ್ಥಾನದ ಮುಂದೆ ಎಂಟು ಮುಖದ ಕಂಬ, ಅಕ್ಷರಗಳು ಉದ್ದುದ್ದಕ್ಕೆ ಕೆತ್ತಿವೆ. ಸುಮ್ನೆ ಸುತ್ತು ಹಾಕುತ್ತಾ ನಿಂತೆ.

ಹಳೆಯ ಪುಸ್ತಕ ಬಳಸುವಾಗ ಕೃತಿಸ್ವಾಮ್ಯದ ಪ್ರಶ್ನೆಯೂ ಬಂತು. ರೈಸ್ ತೀರಿಕೊಂಡದ್ದು 1927ರಲ್ಲಿ. ನಮ್ಮ ಕೃತಿಸ್ವಾಮ್ಯ ಕಾಯ್ದೆ 1957ರದ್ದು, ಅದರ ಪ್ರಕಾರ ಲೇಖಕರ ಹಕ್ಕು ಅವರ ಜೀವನಪೂರ್ತಿ ಮತ್ತು ಮರಣದ ನಂತರ 60 ವರ್ಷ ಇರುತ್ತದೆ. 60 ವರ್ಷದ ಎಣಿಕೆ ತೀರಿಕೊಂಡ ಮುಂದಿನ ವರ್ಷದ ಜನವರಿಯಿಂದ ಶುರು. ರೈಸ್ ಅವರ ಸಂಪುಟಗಳನ್ನು ಯಾರು ಬೇಕಾದರೂ ಮರುಮುದ್ರಿಸಬಹುದು. ಕುವೆಂಪು ತೀರಿಕೊಂಡದ್ದು 1994ರಲ್ಲಿ, ಅವರ ಬರಹಗಳ ಹಕ್ಕು 2054ರ ಕೊನೆಯವರೆಗೂ ಇದೆ. ಇಲ್ಲಿ ನನಗೆ ಬಹಳ ದಿನ ಗೊಂದಲ ಇತ್ತು. ರೈಸ್ ಅವರ ಹಕ್ಕು ಮುಗಿದಿದೆ ಅಂದರೆ ಹೆಸರು ಹೇಳದೆ ಬಳಸಬಹುದು ಅಂದುಕೊಂಡಿದ್ದೆ. ಹಾಗಲ್ಲ, ಎರಡೂ ಬೇರೆ ಬೇರೆ. ಹಕ್ಕು ಮುಗಿದರೂ ಅವರು ಶಾಸನ ಓದಿ ಬರೆದದ್ದನ್ನು ನನ್ನದು ಅಂದರೆ ಅದು ಕೃತಿಚೌರ್ಯವೇ. ಇನ್ನು ಹಕ್ಕು ಇರುವ ಪುಸ್ತಕದಿಂದ ಸಂಶೋಧನೆಗೆ, ವಿಮರ್ಶೆಗೆ ಬೇಕಾದಷ್ಟು ನ್ಯಾಯವಾಗಿ ಬಳಸಲು ಅದೇ ಕಾಯ್ದೆಯ 52ನೇ ಸೆಕ್ಷನ್ ಅವಕಾಶ ಕೊಡುತ್ತದೆ. ಅದಕ್ಕಾಗಿ ಹೆದರಬೇಕಾಗಿಲ್ಲ.

ಫೋಟೋ ವಿಷಯದಲ್ಲೂ ತಿದ್ದಿಕೊಂಡೆ. ಮೊದಲ ಪ್ರತಿಯಲ್ಲಿ ನಾಲ್ಕು ಚಿತ್ರಗಳ ಕೆಳಗೆ "ಕೃಪೆ: ಗೂಗಲ್" ಅಂತ ಹಾಕಿದ್ದೆ. ಗೂಗಲ್ ಫೋಟೋ ತೆಗೆದಿಲ್ಲ, ಯಾರೋ ಬಿಸಿಲಲ್ಲಿ ನಿಂತು ತೆಗೆದದ್ದು. ಮೂರು ಚಿತ್ರ ತೆಗೆದುಹಾಕಿ ನಾನೇ ಮೊಬೈಲ್‌ನಲ್ಲಿ ತೆಗೆದದ್ದನ್ನು ಹಾಕಿದೆ. ಒಂದನ್ನು ವಿಕಿಮೀಡಿಯ ಕಾಮನ್ಸ್‌ನಿಂದ ತೆಗೆದುಕೊಂಡೆ. ಅಲ್ಲಿ ಪ್ರತಿ ಚಿತ್ರದ ಪುಟದಲ್ಲೂ ತೆಗೆದವರ ಹೆಸರು ಮತ್ತು ಯಾವ ಪರವಾನಗಿ ಅನ್ನುವುದು ಇರುತ್ತದೆ, ಎರಡನ್ನೂ ಚಿತ್ರದ ಕೆಳಗೆ ಬರೆದೆ.

ಎಐ ಕೂಡ ಬಳಸಿ ನೋಡಿದೆ. ಕೆರೆ ಶಾಸನಗಳ ಬಗ್ಗೆ ಪುಸ್ತಕ ಹೇಳು ಅಂದರೆ ಐದು ಪುಸ್ತಕ ಕೊಟ್ಟಿತು, ಲೇಖಕರು, ವರ್ಷ, ಪುಟ ಸಮೇತ. ಲೈಬ್ರರಿಯಲ್ಲಿ ಎರಡು ದಿನ ಹುಡುಕಿದೆ. ಮೂರು ಪುಸ್ತಕ ಎಲ್ಲೂ ಇಲ್ಲ. ಆಮೇಲೆ ಕಷ್ಟದ ಇಂಗ್ಲಿಷ್ ವಾಕ್ಯ ಅರ್ಥ ಮಾಡಿಕೊಳ್ಳುವುದಕ್ಕೆ ಮಾತ್ರ ಬಳಸಿದೆ, ಹಾಗೆ ಬಳಸಿದ್ದೇನೆ ಅಂತ ಗೈಡ್‌ಗೂ ಹೇಳಿದೆ. ಕಣ್ಣಾರೆ ನೋಡದ ಪುಸ್ತಕ ನನ್ನ ಗ್ರಂಥಸೂಚಿಯಲ್ಲಿ ಒಂದೂ ಇಲ್ಲ. ಬೇರೆಯವರ ಪುಸ್ತಕದಲ್ಲಿ ಉಲ್ಲೇಖವಾದದ್ದನ್ನು ಬಳಸಿದ್ದರೆ ಹಾಗಂತಲೇ ಬರೆದಿದ್ದೇನೆ.

ವಾಟ್ಸಾಪ್ ಗುಂಪಿನಲ್ಲಿ ಹೊಸ ಪುಸ್ತಕಗಳ ಪಿಡಿಎಫ್ ಓಡಾಡುತ್ತವೆ, ನಿಮಗೂ ಬಂದಿರುತ್ತವೆ. ನನ್ನ ಹತ್ತಿರವೂ ಹನ್ನೊಂದು ಇದ್ದವು, ಅಳಿಸಿದೆ. ನಮ್ಮಲ್ಲಿ ಇಂಥ ಪುಸ್ತಕ ಸಾವಿರ ಪ್ರತಿ ಅಚ್ಚಾದರೆ ದೊಡ್ಡದು. ಎರಡನ್ನು ಕೊಂಡೆ, ಉಳಿದವು ಲೈಬ್ರರಿಯಲ್ಲಿ ಸಿಕ್ಕವು. ಪಿಎಚ್‌.ಡಿ. ಪ್ರಬಂಧಗಳಿಗೆ ಶೋಧಗಂಗಾ ಅನ್ನುವ ಜಾಲತಾಣ ಇದೆ, ಹಣ ಕೊಡಬೇಕಾಗಿಲ್ಲ.

ಕೊನೆಯ ಅಧ್ಯಾಯ ಊರಿನವರ ಮಾತುಗಳ ಮೇಲೆ ನಿಂತಿತ್ತು. ಒಂದು ಊರಿನ ಕೆರೆ ಏರಿಯ ಮೇಲೆ ವೀರಗಲ್ಲು ಇದೆ, ಅದರ ಕಥೆ ಯಾವ ಪುಸ್ತಕದಲ್ಲೂ ಇಲ್ಲ. ಹೇಳಿದವರು ಎಂಬತ್ತು ದಾಟಿದ ಅಜ್ಜ. ರೆಕಾರ್ಡ್ ಮಾಡಬಹುದಾ, ಹೆಸರು ಹಾಕಬಹುದಾ ಅಂತ ಮೊದಲೇ ಕೇಳಿದ್ದೆ. ಅಡಿಟಿಪ್ಪಣಿಯಲ್ಲಿ ಅವರ ಹೆಸರು, ಊರು, ಮಾತಾಡಿದ ದಿನ ಎಲ್ಲ ಬರೆದೆ. ಸಲ್ಲಿಸುವ ಮುಂಚೆ ಆ ಪುಟಗಳನ್ನು ಒಯ್ದು ಅವರ ಮೊಮ್ಮಗಳ ಕೈಯಲ್ಲಿ ಓದಿಸಿದೆ. ಅಜ್ಜ ಪೂರ್ತಿ ಕೇಳಿದರು. ತಮ್ಮ ಹೆಸರು ಬಂದ ಕಡೆ ಕೈಯೆತ್ತಿ ನಿಲ್ಲಿಸಿದರು.

"ಈ ಕಥೆ ನಂದಲ್ಲ ಮಗಾ. ನಮ್ಮ ಸೋದರತ್ತೆ ಹೇಳ್ತಿದ್ದಳು, ಕಳೆ ಕೀಳುವಾಗ. ಅವಳ ಹೆಸರು ಹಾಕು."

ಅತ್ತೆಯ ಹೆಸರು ಕೇಳಿ ಬರೆದುಕೊಂಡೆ. ಅವತ್ತು ರಾತ್ರಿ ಅಡಿಟಿಪ್ಪಣಿ ತಿದ್ದಿ, ಆ ಒಂದು ಪುಟವನ್ನು ಮತ್ತೆ ಪ್ರಿಂಟ್ ಹಾಕಿಸಿದೆ.